ಸಾರಥಿಯ ಕೈಯ ಚಕ್ರ

ಮೋಟಾರು ಕಾರಿಗೆ ಗಾಲಿಗಳೆಷ್ಟು ಎಂದು ಕೇಳಿದರೆ ನಾಲ್ಕು ಎನ್ನುವವರೇ ಹೆಚ್ಚು. ಲೆಕ್ಕದಲ್ಲಿ ಚುರುಕಾದವರು ಹಿಂದಿನ ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ಸೇರಿಸಿ ಐದು ಎಂದಾರು. ಆರನೆಯದೊಂದು ಉಂಟು. ಅದು ನೆಲವನ್ನು ಮುಟ್ಟುವುದಿಲ್ಲ, ಕೆಸರನ್ನು ತುಳಿಯುವುದಿಲ್ಲ. ಹಾಗಿದ್ದರೂ ಉಳಿದ ಗಾಲಿಗಳು ಎತ್ತ ತಿರುಗಬೇಕೆಂದು ಅಪ್ಪಣೆ ಕೊಡುವುದು ಅದೇ. ಸಾರಥಿಯ ಕೈಯೊಳಗಿರುವ ಆ ಚಕ್ರ ಸವೆದು ಬಿರುಕು ಬಿಟ್ಟಾಗ ಮಾಡಬೇಕಾದ್ದೇನು, ಮಾಡಬಾರದ್ದೇನು ಎಂಬುದನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಕನ್ನಡದ ಮೇಷ್ಟರಿಗೆ ಮೋಟಾರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ವ್ಯಾಕರಣ ಕಲಿಸುವವನಿಗೆ ಒಂದು ಅಭ್ಯಾಸ ಅಂಟಿಕೊಂಡುಬಿಡುತ್ತದೆ. ಪದವೊಂದು ಎದುರಿಗೆ ಬಂದರೆ ಯಾವುದು ಪ್ರಕೃತಿ, ಯಾವುದು ಪ್ರತ್ಯಯ ಎಂದು ಬಿಡಿಸಿ ನೋಡುವುದು. ಪ್ರತ್ಯಯ ಬದಲಾದರೆ ಪದ ಬೇರೊಂದು ರೂಪದಲ್ಲಿ ಬದುಕುತ್ತದೆ; ಪ್ರಕೃತಿಯೇ ಕೆಟ್ಟರೆ ಪದವೇ ಇಲ್ಲ. ಸವೆದ ಚಕ್ರವನ್ನು ತಿದ್ದಿಸಬೇಕೆ, ಬದಲಿಸಬೇಕೆ ಎಂಬ ಪ್ರಶ್ನೆಯೂ ಇದೇ ಬಗೆಯದು. ಅದರಲ್ಲಿ ಪ್ರಕೃತಿ ಯಾವುದು, ಪ್ರತ್ಯಯ ಯಾವುದು ಎಂದು ತಿಳಿದವರು ದುಡ್ಡನ್ನೂ ಉಳಿಸಿಯಾರು, ಪ್ರಾಣವನ್ನೂ ಉಳಿಸಿಯಾರು.

ಮೊದಲು ಹೆಸರಿನ ವಿಚಾರ. ಎತ್ತಿಗೆ ಮೂಗುದಾರ, ಕುದುರೆಗೆ ಲಗಾಮು, ದೋಣಿಗೆ ಚುಕ್ಕಾಣಿ ಎಂದು ನಮ್ಮವರು ಒಂದೊಂದಕ್ಕೂ ಒಂದೊಂದು ಮಾತನ್ನು ಇಟ್ಟುಕೊಂಡಿದ್ದಾರೆ. ಮೋಟಾರಿನ ಈ ಚಕ್ರಕ್ಕೆ ಮಾತ್ರ ಸ್ಟಿಯರಿಂಗ್ ಎಂಬುದೇ ನಿಂತಿತು; ಗ್ಯಾರೇಜುಗಳಲ್ಲಿ ಅದು 'ಸ್ಟೇರಿಂಗು'. ಚುಕ್ಕಾಣಿ ಎಂಬ ಮಾತು ಮೊದಮೊದಲ ಮೋಟಾರುಗಳಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. 1886ರಲ್ಲಿ ಜರ್ಮನಿಯ ಕಾರ್ಲ್ ಬೆನ್ಜ್ ಪೇಟೆಂಟು ಪಡೆದ ಮೂರು ಗಾಲಿಯ ಬಂಡಿಯಲ್ಲಿ ಚಕ್ರವಿರಲಿಲ್ಲ. ದೋಣಿಯವರು ಹಿಡಿಯುವಂಥ ಒಂದು ಹಿಡಿಕೆ ಇತ್ತು. ವೇಗ ಹೆಚ್ಚಿದಂತೆ ಆ ಹಿಡಿಕೆಯ ತೊಂದರೆ ಗೊತ್ತಾಯಿತು. ಗಾಲಿ ಒಂದು ಕಲ್ಲಿಗೆ ಬಡಿದರೆ ಹಿಡಿಕೆ ಕೈಯಿಂದ ಕಿತ್ತುಕೊಂಡು ಹೋಗುತ್ತಿತ್ತು. 1894ರಲ್ಲಿ ಫ್ರಾನ್ಸಿನ ಪ್ಯಾರಿಸಿನಿಂದ ರೂಆನ್ ಪಟ್ಟಣದವರೆಗೆ ನಡೆದ ಪಂದ್ಯದಲ್ಲಿ ಆಲ್ಫ್ರೆಡ್ ವಾಶೆರೋನ್ ಎಂಬಾತ ತನ್ನ ಪನ್ಹಾರ್ ಕಾರಿಗೆ ಹಿಡಿಕೆಯ ಬದಲು ಚಕ್ರವನ್ನು ಹಾಕಿಕೊಂಡು ಬಂದ. ಕೆಲವೇ ವರ್ಷಗಳಲ್ಲಿ ಹಿಡಿಕೆ ಮರೆಯಾಯಿತು, ಚಕ್ರ ನಿಂತಿತು.

ಈಗ ನಮ್ಮ ಊರಿನ ಮಾತಿಗೆ ಬರೋಣ. ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಮುಂದೆ ಇನ್ನೂ ಅಂಬಾಸಡರ್ ಕಾರು ನಿಂತಿರುವುದುಂಟು. ಬಂಗಾಳದ ಉತ್ತರಪಾಡಾದ ಹಿಂದುಸ್ಥಾನ್ ಮೋಟಾರ್ಸ್ ಕಾರ್ಖಾನೆ 2014ರಲ್ಲಿ ಅದರ ತಯಾರಿಯನ್ನು ನಿಲ್ಲಿಸಿತು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ತಯಾರಿ ನಿಂತ ಮೇಲೆ ಹೊಸ ಚಕ್ರವನ್ನು ಅಂಗಡಿಯಿಂದ ಸೀದಾ ತರುವುದು ಸುಲಭವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಬೇಕು. ಹೀಗಾಗಿ ಕಾರಿನ ಯಜಮಾನರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಬಿರುಕು ಕಂಡೊಡನೆ ಒಳ್ಳೆಯ ಚಕ್ರವನ್ನೇ ಎಸೆದು ಯಾವುದೋ ಹೊಂದದ ಚಕ್ರವನ್ನು ತಂದು ಕೂರಿಸುತ್ತಾರೆ. ಇನ್ನು ಕೆಲವರು ಹೊರಗೆ ಮಿರುಗುತ್ತಿದೆಯೆಂಬ ಒಂದೇ ಕಾರಣಕ್ಕೆ ಒಳಗೆ ಕೆಟ್ಟ ಚಕ್ರವನ್ನು ನಂಬಿ ಕೂರುತ್ತಾರೆ. ಮೊದಲನೆಯದು ನಷ್ಟದ ದಾರಿ. ಎರಡನೆಯದು ಅಪಾಯದ ದಾರಿ.

ಇದಕ್ಕೆ ಒಂದು ದೃಷ್ಟಾಂತ ಹೇಳುತ್ತೇನೆ. ನನಗೆ ಪರಿಚಿತರಾದ ಹಿರಿಯರೊಬ್ಬರು ಮಗಳ ಮದುವೆಗೆಂದು ತಮ್ಮ ಹಳೆಯ ಅಂಬಾಸಡರನ್ನು ಸಿದ್ಧಮಾಡಿಸುತ್ತಿದ್ದರು. ಮದುಮಕ್ಕಳು ಅದರಲ್ಲಿಯೇ ಬರಬೇಕೆಂಬುದು ಮನೆಯವರೆಲ್ಲರ ಆಸೆ. ಸ್ಟಿಯರಿಂಗಿನ ಬಳೆಯಲ್ಲಿ ಏಳೆಂಟು ಬಿರುಕುಗಳಿದ್ದುವು. ಅವನ್ನು ಮುಚ್ಚಿ ಕಪ್ಪು ಬಣ್ಣ ಬಳಿದರೆ ಸಾಕೆಂದು ಹಿರಿಯರು ಗ್ಯಾರೇಜಿಗೆ ಹೋದರು. ಜೊತೆಗೆ ನಾನೂ ಇದ್ದೆ. ಗ್ಯಾರೇಜಿನ ಸಾಹೇಬರು ಬಿರುಕುಗಳ ಕಡೆ ಕಣ್ಣನ್ನೇ ಹಾಯಿಸಲಿಲ್ಲ. ಚಕ್ರವನ್ನು ಎರಡು ಕೈಯಲ್ಲೂ ಹಿಡಿದು ತಮ್ಮ ಕಡೆಗೊಮ್ಮೆ, ಆಚೆಗೊಮ್ಮೆ ಅಲ್ಲಾಡಿಸಿದರು. ಒಳಗಿನಿಂದ 'ಕಟಕ್' ಎಂದು ಸದ್ದಾಯಿತು. "ಬಣ್ಣ ಯಾವಾಗ ಬೇಕಾದರೂ ಬಳೀಬಹುದು ಯಜಮಾನ್ರೆ, ಮೊದಲು ಈ ಮಾತು ಕೇಳಿ," ಎಂದು ಮತ್ತೊಮ್ಮೆ ಅಲ್ಲಾಡಿಸಿದರು. ಬಿಚ್ಚಿ ನೋಡಿದರೆ ನಡುವಿನ ನಟ್ಟು ಸಡಿಲವಾಗಿ, ಚಕ್ರದ ಗುಂಬದೊಳಗಿನ ಹಲ್ಲುಗಳು ಅರ್ಧಕ್ಕರ್ಧ ತೇದುಹೋಗಿದ್ದುವು. ಘಟ್ಟದ ತಿರುವಿನಲ್ಲಿ ಆ ಹಲ್ಲುಗಳು ಜಾರಿದ್ದರೆ ಚಕ್ರ ಸಾರಥಿಯ ಕೈಯಲ್ಲಿ ಸುಮ್ಮನೆ ಗಿರಗಿರ ತಿರುಗುತ್ತಿತ್ತು. ಕಾರು ಮಾತ್ರ ತನ್ನ ದಾರಿಯನ್ನು ತಾನೇ ನೋಡಿಕೊಳ್ಳುತ್ತಿತ್ತು. ಚಕ್ರವನ್ನು ಬದಲಿಸಿಯೇ ಮದುವೆಯ ದಿಬ್ಬಣ ಹೊರಟಿತು.

ಕಣ್ಣಿಗೆ ಕಾಣುವ ದೋಷ ಬೇರೆ, ಕೈಗೆ ತಿಳಿಯುವ ದೋಷ ಬೇರೆ. ಇದನ್ನು ಅರಿಯಬೇಕಾದರೆ ಚಕ್ರದ ಅಂಗಾಂಗಗಳನ್ನು ತಿಳಿಯಬೇಕು. ಹೊರಗೆ ದುಂಡನೆಯ ಬಳೆ. ಆ ಬಳೆಯ ಒಳಗೆ ಎಲುಬಿನಂತೆ ಒಂದು ಉಕ್ಕಿನ ಸರಳು. ಅದರ ಮೇಲೆ ತೊಗಲಿನಂತೆ ಗಟ್ಟಿ ರಬ್ಬರು ಅಥವಾ ಪ್ಲಾಸ್ಟಿಕ್ಕು. ಬಳೆಯಿಂದ ನಡುವಿಗೆ ಬಂದು ಸೇರುವ ಕಡ್ಡಿಗಳು. ನಡುವೆ ಗುಂಬ. ಗುಂಬದ ಒಳಸುತ್ತಿನಲ್ಲಿ ಸಾಲಾಗಿ ಹಲ್ಲುಗಳು. ಸ್ಟಿಯರಿಂಗ್ ಶಾಫ್ಟಿನ ತುದಿಯ ಹಲ್ಲುಗಳು ಅವುಗಳೊಳಗೆ ಕಚ್ಚಿಕೊಳ್ಳುತ್ತವೆ. ಎಲ್ಲಕ್ಕೂ ಮೇಲೆ ಬಿಗಿದ ಒಂದು ನಟ್ಟು. ಇವುಗಳಲ್ಲಿ ತೊಗಲೊಂದೇ ಪ್ರತ್ಯಯ. ಉಳಿದ ಸರಳು, ಕಡ್ಡಿ, ಗುಂಬ, ಹಲ್ಲು, ನಟ್ಟು ಎಲ್ಲವೂ ಪ್ರಕೃತಿ. ತೊಗಲು ಕೆಟ್ಟರೆ ತಿದ್ದಿಸಿ. ಉಳಿದ ಯಾವುದು ಕೆಟ್ಟರೂ ಬದಲಿಸಿ. ನನ್ನ ಭಾಷಣದ ಸಾರವೆಲ್ಲ ಇಷ್ಟೆ.

ತೊಗಲು ಏಕೆ ಬಿರಿಯುತ್ತದೆ? ಬಿಸಿಲಿಗೆ ಎಲ್ಲ ವಸ್ತುಗಳೂ ಹಿಗ್ಗುತ್ತವೆ, ತಂಪಿಗೆ ಕುಗ್ಗುತ್ತವೆ. ಆದರೆ ಒಂದೇ ಅಳತೆಯಲ್ಲಿ ಅಲ್ಲ. ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗಿ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ. ರಾಯಚೂರಿನ ಬೇಸಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಮಧ್ಯಾಹ್ನ ಕೈಯಿಟ್ಟವರಿಗೆ ಆ ಬಿಸಿ ಎಷ್ಟೆಂದು ಗೊತ್ತು. ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ, ಒಳಗಿನ ಉಕ್ಕು ಬಗ್ಗುವುದಿಲ್ಲವಾದ್ದರಿಂದ ಮೇಲಿನ ತೊಗಲು ಸೀಳುತ್ತದೆ. ಬಿಸಿಲಿನ ಕಿರಣಗಳು ಪ್ಲಾಸ್ಟಿಕ್ಕಿನ ಮೃದುತ್ವವನ್ನು ಹೀರಿ ಅದನ್ನು ಪೆಡಸು ಮಾಡುತ್ತವೆ. ಕೈಯ ಬೆವರು, ಜಿಡ್ಡು ಸೀಳಿನೊಳಗೆ ಇಳಿಯುತ್ತವೆ. ಮಡಿಕೇರಿಯಂಥ ಮಳೆಯ ನಾಡಿನಲ್ಲಾದರೆ ತೇವ ಇಳಿದು ಒಳಗಿನ ಸರಳಿಗೆ ತುಕ್ಕು ಹಿಡಿಯುತ್ತದೆ. ಬಿರುಕು ಸಾಮಾನ್ಯವಾಗಿ ಕಡ್ಡಿಯು ಬಳೆಯನ್ನು ಸೇರುವ ಜಾಗದಲ್ಲಿ ಮೊದಲು ಕಾಣುತ್ತದೆ.

ಇಂಥ ಬಿರುಕನ್ನು ಸರಿಪಡಿಸುವುದು ತಾಳ್ಮೆಯುಳ್ಳ ಯಾರಿಗಾದರೂ ಸಾಧ್ಯ. ಬಿರುಕಿನ ಮೇಲೆ ಮೇಲೆ ಮೆತ್ತಿದರೆ ನಿಲ್ಲುವುದಿಲ್ಲ. ಚಿಕ್ಕ ಗರಗಸದಿಂದಲೋ ಅರದಿಂದಲೋ ಬಿರುಕನ್ನು ಮೇಲೆ ಅಗಲವಾಗಿ, ಕೆಳಗೆ ಕಿರಿದಾಗಿ, ಒಳಗಿನ ಸರಳು ಕಾಣುವವರೆಗೆ ಬಿಡಿಸಬೇಕು. ನೇಗಿಲ ಸಾಲನ್ನು ನೆನೆಸಿಕೊಳ್ಳಿ; ಅದೇ ಆಕಾರ. ಸರಳಿನ ತುಕ್ಕನ್ನು ಕೆರೆದು, ಜಿಡ್ಡನ್ನು ಸ್ಪಿರಿಟಿನಿಂದ ಒರೆಸಿ, ಚೆನ್ನಾಗಿ ಒಣಗಿಸಬೇಕು. ಆಮೇಲೆ ಎರಡು ಭಾಗಗಳನ್ನು ಕಲಸಿ ಮಾಡುವ ಎಪಾಕ್ಸಿ ಮೆತ್ತೆಯನ್ನು ಸಾಲಿನೊಳಗೆ ಒತ್ತಿ ತುಂಬಬೇಕು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಕ್ಕುವ ಎಂ-ಸೀಲ್ ಈ ಜಾತಿಯದೇ. ಬಳೆಯ ಮಟ್ಟಕ್ಕಿಂತ ಒಂದು ಕೂದಲಷ್ಟು ಎತ್ತರವಾಗಿಯೇ ತುಂಬಿ. ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಿ. ಗಟ್ಟಿಯಾದ ಮೇಲೆ ಅರದಿಂದ ಉಜ್ಜಿ ಆಕಾರಕ್ಕೆ ತಂದು, 80ನೆಯ ನಂಬರಿನ ಮರಳುಕಾಗದ, ಅದಾದ ಮೇಲೆ 220, ಕೊನೆಗೆ 400 ಎಂದು ಒರಟಿನಿಂದ ನಯಕ್ಕೆ ಬನ್ನಿ. ಉಜ್ಜುವಾಗ ಮೂಗು ಬಾಯಿಗಳಿಗೆ ಬಟ್ಟೆಯ ಬದಲು ಸರಿಯಾದ ಮಾಸ್ಕನ್ನೇ ಕಟ್ಟಿಕೊಳ್ಳಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದಾಗ ಎಲ್ಲಿ ಬಿರುಕಿತ್ತೆಂದು ತಿಳಿಯದಿದ್ದರೆ ಕೆಲಸ ಮುಗಿಯಿತೆಂದು ಅರ್ಥ. ಮೇಲೆ ಪ್ರೈಮರು, ಅದರ ಮೇಲೆ ತೆಳ್ಳಗೆ ಎರಡು ಮೂರು ಸಲ ಬಣ್ಣ.

ಬಣ್ಣ ಬೇಡವೆನ್ನುವವರು ಚರ್ಮ ಹೊಲಿಸಬಹುದು. ಸೀಟಿನ ಹೊದಿಕೆ ಹೊಲಿಯುವವರಲ್ಲಿ ಇದನ್ನು ಬಲ್ಲವರು ಇದ್ದಾರೆ. ಚರ್ಮವನ್ನು ಬಳೆಯ ಸುತ್ತಳತೆಗಿಂತ ಕೊಂಚ ಕಿರಿದಾಗಿ ಕತ್ತರಿಸಿ, ಎಳೆದು ಬಿಗಿದು ಒಳಬದಿಯಲ್ಲಿ ಹೊಲಿಯುತ್ತಾರೆ. ಇದು ಬಳೆಯೊಡನೆ ಒಂದಾಗಿ ನಿಲ್ಲುತ್ತದೆ. ಆದರೆ ಬೀದಿಯ ಬದಿಯಲ್ಲಿ ತೂಗುಹಾಕಿ ಮಾರುವ, ಸುಮ್ಮನೆ ಮೇಲೆ ತೊಡಿಸುವ ಕವರುಗಳ ಮಾತು ಬೇರೆ. ಅವು ಸಡಿಲವಾದರೆ ತಿರುವಿನಲ್ಲಿ ಕೈ ಕವರನ್ನು ತಿರುಗಿಸುತ್ತದೆ, ಚಕ್ರ ಇದ್ದಲ್ಲಿಯೇ ಇರುತ್ತದೆ. ಚರ್ಮದ ಚಕ್ರಕ್ಕೆ ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವವರೂ ಉಂಟು. ತಲೆಗೆ ಎಣ್ಣೆ ಒಳ್ಳೆಯದು, ಸ್ಟಿಯರಿಂಗಿಗೆ ಅಲ್ಲ. ಹೊಳಪಿಗಿಂತ ಹಿಡಿತ ಮುಖ್ಯ. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಇದಿಷ್ಟೂ ತೊಗಲಿನ ಮಾತಾಯಿತು. ಇನ್ನು ಎಲುಬಿನ ಮಾತು. ಬಳೆಯೊಳಗಿನ ಸರಳು ಬಗ್ಗಿದ್ದರೆ, ಕಡ್ಡಿ ಸೀಳಿದ್ದರೆ, ಗುಂಬದ ಹಲ್ಲು ತೇದಿದ್ದರೆ, ವೆಲ್ಡಿಂಗಿನಿಂದ ಅಂಟಿಸಿಯೋ, ತಗಡಿನ ಚೂರನ್ನು ಸಂದಿಗೆ ತುರುಕಿಯೋ ಕಾಲ ತಳ್ಳುವವರನ್ನು ಕಂಡಿದ್ದೇವೆ. ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಕೀಲಾಗಿ ಕೊಟ್ಟಳೆಂದು ಹರಿಕಥೆಗಳಲ್ಲಿ ಕೇಳಿದ್ದೇವಷ್ಟೆ. ಅಂಥ ವೀರರಾಣಿ ಮಾಡಿದ ರಿಪೇರಿಯಾದರೂ ಏನಾಯಿತು? ಅಂದಿನ ಯುದ್ಧ ಗೆದ್ದಿತು. ಅದರ ಬಾಕಿ ಲೆಕ್ಕ ಹದಿನಾಲ್ಕು ವರ್ಷದ ವನವಾಸವಾಗಿ ಮನೆಗೆ ಬಂತು. ಕೀಲಿನ ಜಾಗಕ್ಕೆ ಕೀಲೇ ಬೇಕು.

ದೋಷವನ್ನು ಕಂಡುಹಿಡಿಯಲು ವಿದ್ವತ್ತು ಬೇಕಾಗಿಲ್ಲ. ಕಾರನ್ನು ಸಮನೆಲದಲ್ಲಿ, ಮುಂದಿನ ಗಾಲಿಗಳು ನೇರವಾಗಿರುವಂತೆ ನಿಲ್ಲಿಸಿ. ಪವರ್ ಸ್ಟಿಯರಿಂಗ್ ಉಳ್ಳ ಕಾರಾದರೆ ಇಂಜಿನು ನಡೆಯುತ್ತಿರಲಿ. ಚಕ್ರವನ್ನು ಒಂದೇ ಬೆರಳಿನಿಂದ ಮೆಲ್ಲಗೆ ಎಡಕ್ಕೂ ಬಲಕ್ಕೂ ಆಡಿಸಿ. ಹೊರಗೆ ಒಬ್ಬರು ನಿಂತು ಮುಂದಿನ ಗಾಲಿ ಯಾವಾಗ ಅಲುಗಿತೆಂದು ಕೂಗಿ ಹೇಳಲಿ. ಗಾಲಿ ಅಲುಗುವ ಮೊದಲು ಚಕ್ರ ಎಷ್ಟು ದೂರ ಬರಿದೆ ತಿರುಗುತ್ತದೋ ಅದನ್ನು ಮೆಕ್ಯಾನಿಕ್ಕುಗಳು 'ಪ್ಲೇ' ಎನ್ನುತ್ತಾರೆ. ಆಟವೆಂಬ ಮಾತೇನೋ ಸರಿ. ಆದರೆ ಅತಿಯಾದರೆ ಅದು ಪ್ರಾಣದೊಡನೆ ಆಡುವ ಆಟ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು, ಈ ಬರಿದಾಟ 30 ಡಿಗ್ರಿಯನ್ನು ಮೀರಕೂಡದೆಂದು ವಿಧಿಸುತ್ತದೆ. 30 ಡಿಗ್ರಿ ಎಂದರೆ ಗಡಿಯಾರದ ಮುಖದಲ್ಲಿ ಹನ್ನೆರಡರಿಂದ ಒಂದರವರೆಗಿನ ದೂರ. 16 ಅಂಗುಲ ಅಡ್ಡಳತೆಯ ಚಕ್ರದ ಬಳೆಯ ಮೇಲೆ ಅದು ಸುಮಾರು ನಾಲ್ಕು ಅಂಗುಲವಾಗುತ್ತದೆ. ಇದು ಕಾನೂನು ಸಹಿಸುವ ಕೊನೆಯ ಗೆರೆ. ವಿವೇಕಿಗಳು ಆ ಗೆರೆಯವರೆಗೆ ಹೋಗುವುದಿಲ್ಲ.

ಎರಡನೆಯ ಪರೀಕ್ಷೆ ಆ ಗ್ಯಾರೇಜಿನ ಸಾಹೇಬರದು. ಚಕ್ರವನ್ನು ತಮ್ಮ ಕಡೆಗೆ ಎಳೆಯಿರಿ, ಆಚೆಗೆ ತಳ್ಳಿ, ಮೇಲೆ ಕೆಳಗೆ ಅಲ್ಲಾಡಿಸಿ. ಸದ್ದಾದರೆ ನಟ್ಟೋ, ಹಲ್ಲೋ, ಶಾಫ್ಟನ್ನು ಹಿಡಿದಿರುವ ಬುಷ್ಷೋ ಸಡಿಲವೆಂದು ತಿಳಿಯಿರಿ. ಚಕ್ರದ ಬುಡ ಬಿಗಿಯಾಗಿದ್ದೂ ಬರಿದಾಟ ಹೆಚ್ಚಾಗಿದ್ದರೆ ದೋಷ ಕೆಳಗೆ, ಸ್ಟಿಯರಿಂಗ್ ಬಾಕ್ಸಿನಲ್ಲೋ ಟೈರಾಡಿನ ಕೀಲುಗಳಲ್ಲೋ ಇರುತ್ತದೆ. ಚಕ್ರ ಬದಲಿಸಿದರೆ ಅದು ಹೋಗುವುದಿಲ್ಲ. ಹಲ್ಲುನೋವಿಗೆ ಟೋಪಿ ಬದಲಿಸಿದಂತಾಗುತ್ತದೆ.

ಬದಲಿಸಲೇಬೇಕಾಗಿ ಬಂದರೆ ಕ್ರಮವುಂಟು. ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಬೇಕು. ಗಾಲಿಗಳನ್ನು ನೇರಮಾಡಿ, ಹಾರನ್ನಿನ ಗುಂಡಿಯನ್ನು ತೆಗೆದು, ಶಾಫ್ಟಿನ ತುದಿಗೂ ಗುಂಬಕ್ಕೂ ಸೇರಿದಂತೆ ಒಂದು ಗೆರೆಯನ್ನು ಬಣ್ಣದಿಂದ ಎಳೆಯಬೇಕು. ಹಾಗೆಯೇ ಮತ್ತೆ ಕೂರಿಸಬೇಕಾಗಿ ಬಂದರೆ ಒಂದು ಹಲ್ಲು ಆಚೀಚೆಯಾಗದಂತೆ ಆ ಗೆರೆ ಕಾಯುತ್ತದೆ. ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಉಳಿಸಬೇಕು. ಇಲ್ಲವಾದರೆ ಎಷ್ಟೋ ವರ್ಷ ಕಚ್ಚಿಕೊಂಡಿದ್ದ ಚಕ್ರ ಒಮ್ಮೆಗೇ ಬಿಟ್ಟು ಬಂದು ಹಲ್ಲು ಮುರಿಯುತ್ತದೆ. ಈ ಸಲ ಶಾಫ್ಟಿನ ಹಲ್ಲಲ್ಲ, ನಮ್ಮ ಹಲ್ಲು. ಚಕ್ರವನ್ನು ಎಳೆಯಲು ಪುಲ್ಲರ್ ಎಂಬ ಸಲಕರಣೆಯುಂಟು. ಸುತ್ತಿಗೆಯಿಂದ ಬಡಿಯಬಾರದು. ಈಚಿನ ಕಾರುಗಳಲ್ಲಿ ಅಪಘಾತವಾದಾಗ ಆ ಕಂಬ ಸಾರಥಿಯ ಎದೆಯನ್ನು ತಿವಿಯದೆ ತಾನೇ ಕುಗ್ಗುವಂತೆ ಮಾಡಿರುತ್ತಾರೆ. ಸುತ್ತಿಗೆಯ ಪೆಟ್ಟು ಆ ಏರ್ಪಾಟನ್ನೇ ಕೆಡಿಸೀತು. ಹೊಸ ಚಕ್ರದ ಗುಂಬದ ಹಲ್ಲುಗಳ ಎಣಿಕೆ ಮತ್ತು ಅಳತೆ ಶಾಫ್ಟಿನದಕ್ಕೆ ಸರಿಯಾಗಿ ಹೊಂದಬೇಕು. ಹೆಚ್ಚುಕಡಿಮೆ ಹೊಂದುತ್ತದೆ ಎನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ನಟ್ಟನ್ನು ಕಾರಿನ ಕೈಪಿಡಿ ಹೇಳುವ ಬಿಗಿಯಲ್ಲಿ ಅಳತೆಯ ಸ್ಪ್ಯಾನರಿನಿಂದ ಬಿಗಿಸಬೇಕು. ಮೊದಲ ಓಟ ಖಾಲಿ ಮೈದಾನದಲ್ಲಿ ನಡೆಯಲಿ. ತಿರುವು ಕಳೆದ ಮೇಲೆ ಚಕ್ರ ತಾನೇ ನೇರಕ್ಕೆ ಬರುತ್ತದೆಯೆ, ಹಾರನ್ನು ಕೂಗುತ್ತದೆಯೆ, ಇಂಡಿಕೇಟರು ತಾನೇ ಆರುತ್ತದೆಯೆ, ಇಷ್ಟನ್ನೂ ನೋಡಿ ಆಮೇಲೆ ರಸ್ತೆಗೆ ಇಳಿಯಿರಿ.

ತರುಣರಿಗೆ ಪುಟ್ಟ ಚಕ್ರದ ಮೋಹ ಹೆಚ್ಚು. ಪಂದ್ಯದ ಕಾರಿನಂತೆ ಕಾಣುತ್ತದೆಂದು ಹಳೆಯ ಕಾರಿಗೂ ಅದನ್ನೇ ಹಾಕಿಸುತ್ತಾರೆ. ಪವರ್ ಸ್ಟಿಯರಿಂಗ್ ಇಲ್ಲದ ಕಾಲದವರು ಚಕ್ರವನ್ನು ದೊಡ್ಡದಾಗಿ ಮಾಡಿದ್ದು ಅಂದಕ್ಕಲ್ಲ, ಸನ್ನೆಗೋಲಿನ ಅನುಕೂಲಕ್ಕೆ. 16 ಅಂಗುಲದ ಚಕ್ರವನ್ನು ತೆಗೆದು 14 ಅಂಗುಲದ್ದನ್ನು ಹಾಕಿದರೆ, ಅದೇ ತಿರುವಿಗೆ ಮೊದಲಿಗಿಂತ ಏಳನೆಯ ಒಂದು ಪಾಲು ಹೆಚ್ಚು ಬಲ ಬೇಕಾಗುತ್ತದೆ. ಎದುರಿನಿಂದ ಎಮ್ಮೆ ಅಡ್ಡ ಬಂದಾಗ ಆ ಏಳನೆಯ ಪಾಲಿಗೆ ಎಲ್ಲಿಗೆ ಹೋಗುವುದು?

ಹೊಸ ಕಾರುಗಳ ವಿಷಯದಲ್ಲಿ ನನ್ನ ಮಾತು ಇನ್ನೂ ಕಟು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗು ಕಡ್ಡಾಯವಾಯಿತು. ಚಕ್ರದ ನಡುವೆ ಮಡಿಸಿಟ್ಟ ಆ ಚೀಲ ಅಪಘಾತದಲ್ಲಿ, ರೆಪ್ಪೆ ಬಡಿಯುವುದಕ್ಕಿಂತ ಬೇಗ ಉಬ್ಬಿ ನಿಲ್ಲುತ್ತದೆ. ಇಂಥ ಚಕ್ರದ ಬಳೆಯ ಚರ್ಮ ಸುಲಿದರೆ ಹೊರಗಿನಿಂದ ಶುಚಿಮಾಡಿ ಬಣ್ಣ ಕೊಡಿಸಬಹುದು. ಆದರೆ ಚಕ್ರವನ್ನು ಬಿಚ್ಚುವ ಕೆಲಸವನ್ನು ಮನೆಯಲ್ಲಿ ಮಾಡಬಾರದು. ಅದು ಬಲ್ಲವರ ಕೆಲಸ. ಅವರೂ ಬ್ಯಾಟರಿ ಬಿಚ್ಚಿ, ಕೈಪಿಡಿ ಹೇಳುವಷ್ಟು ಹೊತ್ತು ಕಾದೇ ಕೈಹಾಕುತ್ತಾರೆ. ನಡುವಿನ ಮುಚ್ಚಳದ ಮೇಲೆ ಅಂಟಿಸುವ ಬೊಂಬೆ, ಕಲ್ಲಿನ ಚಿಹ್ನೆ, ಲೋಹದ ಅಲಂಕಾರಗಳು ಚೀಲ ಉಬ್ಬಿದಾಗ ಗುಂಡಿನಂತೆ ಮುಖಕ್ಕೆ ಬರುತ್ತವೆ. ಗುಜರಿಯಿಂದ ತಂದ ಏರ್‌ಬ್ಯಾಗಿನ ಚಕ್ರದಲ್ಲಿ ಚೀಲವಿದೆಯೋ, ಬರಿಯ ಮುಚ್ಚಳವಿದೆಯೋ ಹೊರಗಿನಿಂದ ತಿಳಿಯದು. ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ನಮ್ಮಲ್ಲಿ ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ; ಅಲ್ಲಿಂದ ಮುಂದೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಆ ತಪಾಸಣೆಯನ್ನು ನೆಚ್ಚಿಕೊಂಡು ಐದು ವರ್ಷ ಸುಮ್ಮನಿರುವುದು ಜಾಣತನವಲ್ಲ. ನೋಡುವುದಕ್ಕೆ ನಮ್ಮಲ್ಲಿಯೇ ಒಂದು ದಿನವುಂಟು. ಪ್ರತಿ ವರ್ಷ ಆಯುಧಪೂಜೆಯಂದು ಕಾರನ್ನು ತೊಳೆದು, ಹೂವಿನ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಈ ಚಕ್ರಕ್ಕೂ ಗಂಧ ಕುಂಕುಮ ಹಚ್ಚುತ್ತೇವೆ. ಕುಂಕುಮ ಹಚ್ಚುವ ಮೊದಲು ಅದೇ ಕೈಯಿಂದ ಚಕ್ರವನ್ನು ಹಿಡಿದು ಒಮ್ಮೆ ಎಳೆದು ನೋಡಿ, ಒಮ್ಮೆ ತಿರುಗಿಸಿ ನೋಡಿ, ಕಡ್ಡಿಗಳ ಬುಡವನ್ನು ಒರೆಸಿ ನೋಡಿ. ಎರಡು ನಿಮಿಷದ ಕೆಲಸ. ಬಿರುಕು ಕಂಡರೆ ಹೆದರಬೇಡಿ, ಮೆತ್ತೆ ತುಂಬಿ ತಿದ್ದಿಕೊಳ್ಳಿ; ಸದ್ದು ಕೇಳಿದರೆ ಸುಮ್ಮನಿರಬೇಡಿ, ಅಂದೇ ಬಲ್ಲವರಲ್ಲಿಗೆ ಕಳಿಸಿ. ಹಿಂದಿನ ಸೀಟಿನಲ್ಲಿ ಕುಳಿತ ಹೆಂಡತಿ ಮಕ್ಕಳು ಆ ಚಕ್ರವನ್ನು ಪರೀಕ್ಷಿಸಿ ಹತ್ತಿದವರಲ್ಲ. ಅದನ್ನು ಹಿಡಿದ ಕೈಯನ್ನು ನಂಬಿ ಹತ್ತಿದವರು.